ವೈದ್ಯವು ಬಾಗಿಲಿಗೆ ಬಂದಾಗ ನಾವೆಲ್ಲಿರುತ್ತೇವೆ?

ದುಡಿದು ಉಣ್ಣುವವನಿಗೆ ನೋವಿಲ್ಲದ ರೋಗವು ರೋಗವೆಂದೇ ತೋರುವುದಿಲ್ಲ. ಹಲ್ಲುನೋವು ಬಂದರೆ ಅವನು ರಜೆ ಕೇಳುತ್ತಾನೆ. ರಕ್ತದೊತ್ತಡ ಏರಿದರೆ ಅವನಿಗೆ ತಿಳಿಯುವುದೇ ಇಲ್ಲ. ಮಧುಮೇಹವೂ ಹಾಗೆಯೇ ಸದ್ದಿಲ್ಲದೆ ಒಳಹೊಕ್ಕು ಕಾಲಕ್ರಮದಲ್ಲಿ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ದೊರೆಯುವ ಹೊತ್ತೇ ಕೂಲಿಯ ಹೊತ್ತೂ ಆಗಿರುವುದರಿಂದ, ಬಡವನು ರೋಗವನ್ನು ಅರಿಯುವ ವೇಳೆಗೆ ಅದು ಬೇರೂರಿರುತ್ತದೆ.

ಈ ಕೊರತೆಯನ್ನು ನೀಗಲು ತಮಿಳುನಾಡು ಸರ್ಕಾರವು ಕೈಗೊಂಡ ಯತ್ನವನ್ನು ಹೊರನಾಡ ಕನ್ನಡಿಗರೆಲ್ಲರೂ ತಿಳಿದಿರುವುದು ಒಳಿತು. 2021ರ ಆಗಸ್ಟ್ 5ರಂದು, ನಮ್ಮ ನಾಡಿನ ಗಡಿಗೆ ತಾಗಿರುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಯನ್ನು ಆರಂಭಿಸಿದರು. ತಮಿಳಿನಲ್ಲಿ 'ಮಕ್ಕಳ್' ಎಂದರೆ ಜನರು. ಜನರನ್ನು ಅರಸಿ ಬರುವ ವೈದ್ಯವೆಂಬುದೇ ಈ ಹೆಸರಿನ ಅರ್ಥ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿ, ರೋಗವುಳ್ಳವರಿಗೆ ಮಾತ್ರೆಗಳನ್ನು ಮುಟ್ಟಿಸುತ್ತಾರೆ. ಹಾಸಿಗೆ ಹಿಡಿದವರ ಶುಶ್ರೂಷೆಯೂ ಇದರಲ್ಲಿ ಸೇರಿದೆ. 2024ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಸಂದಿತು. ಇದಕ್ಕೆ ಮುನ್ನ, 2023ರ ನವೆಂಬರಿನಲ್ಲಿ, ಜಿಲ್ಲೆಗೊಂದರಂತೆ 8 ಕಿಲೋಮೀಟರುಗಳ ನಡಿಗೆಯ ದಾರಿಯನ್ನು ಗೊತ್ತುಪಡಿಸಲಾಯಿತು. ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ನಮ್ಮ ಗುಮಾಸ್ತ ಬಂಧುಗಳಿಗೆ ಇಂಥ ದಾರಿಗಿಂತ ಅಗ್ಗದ ಔಷಧವಿಲ್ಲ.

ಆದರೆ ಮನೆಬಾಗಿಲಿಗೆ ಬಂದ ಕಾರ್ಯಕರ್ತೆಗೆ ಹೋಟೆಲಿನ ಮಾಣಿ ಸಿಕ್ಕುವುದೆಲ್ಲಿ? ಎಷ್ಟೋ ಮಂದಿಗೆ ಹೋಟೆಲಿನ ಅಟ್ಟವೇ ಮನೆ. ಬೆಳಗಿನ ಜಾವ ಒಲೆ ಹೊತ್ತಿದೊಡನೆ ಅವರ ದಿನ ಆರಂಭವಾಗಿ, ರಾತ್ರಿ ಕೊನೆಯ ಮೇಜು ಒರೆಸಿದ ಮೇಲೆ ಮುಗಿಯುತ್ತದೆ. ಇಂಥ ಅಡಚಣೆಯನ್ನರಿತೇ ತಮಿಳುನಾಡು ಸರ್ಕಾರವು 2024ರ ಜನವರಿಯಲ್ಲಿ ಈ ಪರೀಕ್ಷೆಯನ್ನು ಕಾರ್ಖಾನೆಗಳೇ ಮೊದಲಾದ ಕೆಲಸದ ಸ್ಥಳಗಳಿಗೂ ಒಯ್ದಿತು. ದೊಡ್ಡ ಕಾರ್ಖಾನೆಗೆ ವೈದ್ಯರ ತಂಡವು ಬರಬಹುದು. ಎಂಟು ಮೇಜಿನ ಹೋಟೆಲಿಗೆ ಬರುವುದೆಂದು ಕಾದು ಕುಳಿತರಾಗದು. ಅಲ್ಲಿ ಧಣಿಯೇ ಮುಂದಾಗಬೇಕು.

ಬಹುಕಾಲ ಗಲ್ಲದ ಮೇಲೆ ಕುಳಿತವನಾದ್ದರಿಂದ ಧಣಿಗಳ ಕಷ್ಟ ನನಗೆ ಅಪರಿಚಿತವಲ್ಲ. ಒಬ್ಬ ಸಪ್ಲಾಯರ್ ಬಾರದಿದ್ದರೆ ಗಿರಾಕಿಗಳು ಗೊಣಗುತ್ತಾರೆ, ನಿಜ. ಆದರೂ ಸರದಿಯಂತೆ ಒಬ್ಬೊಬ್ಬರನ್ನು ವರ್ಷಕ್ಕೊಂದು ಬೆಳಿಗ್ಗೆ, ಕೂಲಿ ಕಡಿಯದೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರೆ ಯಾವ ಹೋಟೆಲೂ ಮುಳುಗದು. ಹತ್ತು ವರ್ಷ ದುಡಿದ ಭಟ್ಟರು ಪಾರ್ಶ್ವವಾಯು ಬಡಿದು ಊರಿಗೆ ಹಿಂದಿರುಗಿದರೆ ಆಗುವ ನಷ್ಟದ ಲೆಕ್ಕವನ್ನೂ ಹಾಕಿ ನೋಡೋಣ.

ನೌಕರ ಬಂಧುಗಳಿಗೂ ಒಂದು ಮಾತು. ವಯಸ್ಕನಿಗೆ ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸಾಂಬಾರು, ಉಪ್ಪಿನಕಾಯಿ, ಹಪ್ಪಳಗಳ ನಡುವೆ ಬಾಳುವವರಿಗೆ ಈ ಮಿತಿ ಮೀರಲು ಎಷ್ಟು ಹೊತ್ತು? ನಿದ್ದೆ ತಡೆಯಲೆಂದು ಮತ್ತೆ ಮತ್ತೆ ಕುಡಿಯುವ ಕಾಫಿಯ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಮಾತ್ರೆ ಆರಂಭಿಸಿದವರು, ಮೈ ಹಗುರವಾಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಊರಿನಲ್ಲಿರುವ ತಂದೆತಾಯಿಗಳ ಚಿಂತೆಯೂ ನಮಗುಂಟಷ್ಟೆ. ಕರ್ನಾಟಕ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿ, 2025ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. 30 ವರ್ಷ ಮೀರಿದವರನ್ನು ಮನೆಯಲ್ಲಿಯೇ ಪರೀಕ್ಷಿಸುವ ಏರ್ಪಾಡಿದು. ಮುಂದಿನ ಬಾರಿ ಊರಿಗೆ ಫೋನು ಮಾಡಿದಾಗ, ಹಣ ತಲುಪಿತೇ ಎಂದು ಕೇಳುವುದರ ಜೊತೆಗೆ, ಆರೋಗ್ಯದವರು ಬಂದಿದ್ದರೇ ಎಂದೂ ಕೇಳಿರಿ. ಅತ್ತಣಿಂದ ಅದೇ ಪ್ರಶ್ನೆ ಬಂದರೆ ಕೊಡಲು ನಿಮ್ಮಲ್ಲಿಯೂ ಉತ್ತರವಿರಲಿ.