ಅಂಧರ ಕೈಗೊಪ್ಪುವ ಧ್ವನಿಮುದ್ರಕ

ವಿರೂಪಾಕ್ಷಿಪುರದಿಂದ ಚನ್ನಪಟ್ಟಣದ ಕಾಲೇಜಿಗೆ ಬರುವ ಅಂಧ ವಿದ್ಯಾರ್ಥಿಯೊಬ್ಬನನ್ನು ಊಹಿಸಿರಿ. ಪಾಠಗಳನ್ನು ಮುದ್ರಿಸಿಕೊಳ್ಳಲು ಆತನು ಎಂತಹ ಡಿಜಿಟಲ್ ಧ್ವನಿಮುದ್ರಕವನ್ನು ಕೊಳ್ಳಬೇಕು?

ಧ್ವನಿಯ ಸ್ಪಷ್ಟತೆಯೇ ಮುಖ್ಯವೆಂದು ನಮಗೆ ತೋರಬಹುದು. ಮುದ್ರಕವು ಧ್ವನಿತರಂಗವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಕಂಪನವೊಂದನ್ನು ಹಿಡಿಯಲು ಅದರ ಆವೃತ್ತಿಯ ಎರಡರಷ್ಟಾದರೂ ಅಳತೆಗಳು ಬೇಕು. ಮಾತನ್ನು ತಿಳಿಯಲು ಅವಶ್ಯವಾದ ಆವೃತ್ತಿಗಳು ಬಹುಮಟ್ಟಿಗೆ 8,000 ಹರ್ಟ್ಸ್‌ನೊಳಗೇ ಇರುವುದರಿಂದ 16,000 ಅಳತೆಗಳು ಸಾಕು. ಒಂದೊಂದಕ್ಕೆ 2 ಬೈಟ್‌ನಂತೆ ಗಂಟೆಗೆ ಸುಮಾರು 115 ಮೆಗಾಬೈಟ್ ಆಯಿತು. 4 ಗಿಗಾಬೈಟ್‌ನಲ್ಲಿ 34 ಗಂಟೆಗಳ ಪಾಠ ಹಿಡಿಯುತ್ತದೆ. ಇಷ್ಟನ್ನು ಸಾಧಾರಣ ಯಂತ್ರವೂ ಮಾಡಬಲ್ಲುದು.

ತೊಡಕಿರುವುದು ಬೇರೆಡೆಯಲ್ಲಿ. ಮುದ್ರಣವು ನಡೆಯುತ್ತಿದೆಯೆಂಬುದನ್ನು ಕೆಂಪು ದೀಪವೂ ಪುಟ್ಟ ಪರದೆಯೂ ಕಣ್ಣಿಗೆ ಮಾತ್ರ ಹೇಳುತ್ತವೆ. ಕೆಲವು ಯಂತ್ರಗಳು ಗುಂಡಿಯನ್ನು ಮೊದಲ ಬಾರಿ ಒತ್ತಿದಾಗ ಕೇವಲ ಸಿದ್ಧವಾಗಿ ನಿಲ್ಲುತ್ತವೆ. ಎರಡನೆಯ ಬಾರಿ ಒತ್ತಿದರೆ ಮಾತ್ರ ಮುದ್ರಿಸತೊಡಗುತ್ತವೆ. ಇದನ್ನರಿಯದೆ ಒಮ್ಮೆ ಒತ್ತಿ ಕುಳಿತವನಿಗೆ ಅಂದಿನ ಪಾಠವೆಲ್ಲವೂ ನಷ್ಟ.

ಆದುದರಿಂದ ಆತನು ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಅತ್ತಿತ್ತ ಸರಿಯುವ ಗುಂಡಿಯಿದ್ದರೆ ಅದು ನಿಂತ ಸ್ಥಾನದಿಂದಲೇ ಯಂತ್ರದ ಸ್ಥಿತಿ ಬೆರಳಿಗೆ ತಿಳಿಯುವುದು. ಆರಂಭಕ್ಕೂ ನಿಲುಗಡೆಗೂ ಬೇರೆ ಬೇರೆ ಸದ್ದಿರಬೇಕು. ಪರದೆಯ ಮೇಲಿನದನ್ನು ಯಂತ್ರವೇ, ಆತನಿಗೆ ತಿಳಿಯುವ ಭಾಷೆಯಲ್ಲಿ, ಓದಿ ಹೇಳಿದರೆ ಮತ್ತೂ ಲೇಸು. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ, ಅನ್ಯರ ನೆರವಿಲ್ಲದೆ, ಒಮ್ಮೆ ಮುದ್ರಿಸಿ ಕೇಳಿ ನೋಡುವುದು ಅತ್ಯವಶ್ಯಕ.