ಊಟ ಬೇಡ ಎನ್ನುವ ಕಾಯಿಲೆ

ಗೆಳೆಯರೇ, ಊಟ ಸಿಗದೆ ಸೊರಗುವವರ ವಿಷಯ ನಮಗೆಲ್ಲ ಗೊತ್ತು. ಬಡಿಸಿದ ತಟ್ಟೆ ಮುಂದಿದ್ದೂ ತಿನ್ನಲಾಗದೆ ಸೊರಗುವ ಕಾಯಿಲೆಯ ಬಗ್ಗೆ ಕೇಳಿದ್ದೀರಾ? ಅದರ ಹೆಸರು ಅನೊರೆಕ್ಸಿಯಾ ನರ್ವೋಸಾ. ಹೆಚ್ಚಾಗಿ ನಮ್ಮ ವಯಸ್ಸಿನಲ್ಲೇ ಶುರುವಾಗುತ್ತದೆ. ಹುಡುಗಿಯರಿಗೆ ಜಾಸ್ತಿ, ಹುಡುಗರಿಗೂ ಬರುತ್ತೆ.

"ಅದೆಲ್ಲ ಫಾರಿನ್ನಿನವರ ಕಾಯಿಲೆ" ಅನ್ನಬೇಡಿ. ಬೆಂಗಳೂರಿನ ಜಯನಗರದ ಪಕ್ಕ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆಯಲ್ಲ, ಅಲ್ಲಿನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ನಗರದ 66 ಮನೋವೈದ್ಯರನ್ನು ವಿಚಾರಿಸಿದರು. 2012ರಲ್ಲಿ ಅದು ಪ್ರಕಟವಾಯಿತು. ಮೂವರಲ್ಲಿ ಇಬ್ಬರು ವೈದ್ಯರು ಊಟದ ಇಂಥ ಕಾಯಿಲೆಯವರನ್ನು ಒಬ್ಬರನ್ನಾದರೂ ನೋಡಿದ್ದರು.

ಯಾಕೆ ಬರುತ್ತೆ? ಒಂದೇ ಕಾರಣ ಇಲ್ಲ. ಮನೆತನದಲ್ಲಿ ಇದ್ದರೆ ಬರುವ ಸಂಭವ ಹೆಚ್ಚು. ಎಲ್ಲದರಲ್ಲೂ ನೂರಕ್ಕೆ ನೂರು ಬೇಕೆನ್ನುವ ಸ್ವಭಾವದವರಿಗೂ ಹೆಚ್ಚು. ಇವು ನಮ್ಮ ಕೈಯಲ್ಲಿಲ್ಲ. ಅಡ್ಡಹೆಸರು ಮಾತ್ರ ನಮ್ಮ ಕೈಯಲ್ಲೇ ಇದೆ.

ಹತ್ತು ಹನ್ನೆರಡು ವರ್ಷಕ್ಕೆ ಹುಡುಗಿಯರ ಮೈ ತುಂಬಿಕೊಳ್ಳುತ್ತದೆ. ಸೊಂಟ, ತೊಡೆಗೆ ಕೊಬ್ಬು ಸೇರುವುದು ಬೆಳವಣಿಗೆಯೇ ಹೊರತು ರೋಗವಲ್ಲ. ಬೇಗ ದೊಡ್ಡವಳಾದವಳು ತರಗತಿಯಲ್ಲಿ ಬೇರೆಯಾಗಿ ಕಾಣ್ತಾಳೆ. ಆಗಲೇ ನಾವು "ಡುಮ್ಮಿ" ಅಂತ ಕೂಗೋದು. ನೆಂಟರೂ "ಏನೇ, ಇಷ್ಟು ದಪ್ಪ ಆಗಿದ್ದೀಯ" ಅಂತಾರೆ. (ಹಾಗೆಂದವರೇ ಎರಡು ಹೋಳಿಗೆ ಜಾಸ್ತಿ ಬಡಿಸ್ತಾರೆ, ಆ ಮಾತು ಬೇರೆ.) ಅವಳು ಸುಮ್ಮನೆ ಊಟ ಕಡಿಮೆ ಮಾಡ್ತಾಳೆ.

ಆಸ್ಟ್ರೇಲಿಯಾದಲ್ಲಿ 14-15 ವರ್ಷದವರನ್ನು ಗಮನಿಸಿದ ಅಧ್ಯಯನ 1999ರಲ್ಲಿ ಬಂತು. ತೀವ್ರವಾಗಿ ಡಯಟ್ ಮಾಡಿದ ಹುಡುಗಿಯರಿಗೆ ಇಂಥ ಕಾಯಿಲೆ ಬರುವ ಸಂಭವ, ಡಯಟ್ ಮಾಡದವರಿಗಿಂತ 18 ಪಟ್ಟು ಹೆಚ್ಚಿತ್ತು. ಡಯಟ್ ಮಾಡಿದವರಿಗೆಲ್ಲ ಬರುವುದಿಲ್ಲ, ನಿಜ. ಆದರೆ ಹಸಿವೇ ಮನಸ್ಸನ್ನು ಕೆಡಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ದಿನವಿಡೀ ಊಟದ್ದೇ ಯೋಚನೆ, ಸಿಡುಕು, ಯಾರ ಜೊತೆಗೂ ಸೇರದಿರುವುದು! ಅಂದಮೇಲೆ ಉಣ್ಣದ ಹುಡುಗಿಯನ್ನು ಹಟಮಾರಿ ಅಂತ ಬೈದು ಏನು ಪ್ರಯೋಜನ?

ನಮ್ಮ ಕಡೆ ಕೆಲವರು ದಪ್ಪ ಆಗ್ತೀನಿ ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಅಂತಾರೆ. ಬಿಸಿಯೂಟದ ಹೊತ್ತಿಗೆ ಮರೆಯಾಗುತ್ತಾರೆ. ತೂಕ ಇಳಿಯುತ್ತೆ, ತಲೆ ಸುತ್ತುತ್ತೆ, ಮುಟ್ಟು ನಿಲ್ಲುತ್ತೆ. ಕೊನೆಗೆ ಹೃದಯಕ್ಕೂ ಅಪಾಯ, ಜೀವವೂ ಹೋಗಬಹುದು. ಬೇಗ ಚಿಕಿತ್ಸೆ ಸಿಕ್ಕರೆ ವಾಸಿಯಾಗುವ ಸಾಧ್ಯತೆ ಹೆಚ್ಚು.

ಮೇಷ್ಟ್ರಿಗೆ, ಟೀಚರಿಗೆ ಒಂದು ಕೋರಿಕೆ: ತೂಕ ನೋಡುವ ದಿನ ಎಲ್ಲರೆದುರು ಕೂಗಿ ಹೇಳದೆ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ಗೆಳತಿಯ ಬಗ್ಗೆ ಅನುಮಾನ ಬಂದರೆ ಅವಳ ಮನೆಯವರಿಗೋ ಟೀಚರಿಗೋ ತಿಳಿಸಿ, ಡಾಕ್ಟರಿಗೆ ತೋರಿಸಲಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.