ಹಾಲಿನ ಲೆಕ್ಕ, ರನ್ನಿನ ಲೆಕ್ಕ



ಸಿ.ಎಸ್. ಪುರದ ಕಡೆ ಡೇರಿಗೆ ಹಾಲು ಹಾಕುವವರಿಗೆ ಲೆಕ್ಕ ಹೊಸದಲ್ಲ. ಒಂದು ಹಸು 10 ದಿನದಲ್ಲಿ 40 ಲೀಟರ್ ಹಾಲು ಕೊಟ್ಟಿತು ಅನ್ನಿ. ಇನ್ನೊಂದು 5 ದಿನದಲ್ಲಿ 30 ಲೀಟರ್ ಕೊಟ್ಟಿತು. ಯಾವುದು ಹೆಚ್ಚು ಹಾಲಿನ ಹಸು? 40 ದೊಡ್ಡದು ಅಂತ ಮೊದಲನೆಯದನ್ನು ಹೊಗಳುತ್ತೀರಾ? ಇಲ್ಲ. 40ನ್ನು 10ರಿಂದ ಭಾಗಿಸಿ. ದಿನಕ್ಕೆ 4 ಲೀಟರ್. 30ನ್ನು 5ರಿಂದ ಭಾಗಿಸಿ. ದಿನಕ್ಕೆ 6 ಲೀಟರ್. ಹೀಗೆ ಭಾಗಿಸಿದಾಗ ಬರುವುದೇ ಸರಾಸರಿ.

ಕ್ರಿಕೆಟ್ ಆಟಗಾರರನ್ನು ಅಳೆಯುವುದೂ ಹೀಗೆಯೇ. ಮನೆಯಲ್ಲಿ ಗಂಡಸರು, ಹುಡುಗರು ಟಿ.ವಿ. ಮುಂದೆ ಕೂತು "ಅವನ ಸರಾಸರಿ ಐವತ್ತು" ಅಂತ ವಾದ ಮಾಡುತ್ತಾರೆ. "ಅದೆಲ್ಲ ನಮಗ್ಯಾಕವ್ವ" ಅಂತ ನಾವು ಒಳಗೆ ಹೋಗುತ್ತೇವೆ. ಭಾಗಾಕಾರ ಬಂದರೆ ಸಾಕು, ನಾವೂ ಕೂತು ಮಾತಾಡಬಹುದು.

ಬ್ಯಾಟ್ ಬೀಸುವವರು ಹೊಡೆದ ಒಟ್ಟು ರನ್ನನ್ನು, ಅವರು ಎಷ್ಟು ಸಲ ಔಟಾದರೋ ಅಷ್ಟರಿಂದ ಭಾಗಿಸಬೇಕು. ಬೆಂಗಳೂರಿನ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 13,288 ರನ್ ಹೊಡೆದರು. ಔಟಾದದ್ದು 254 ಸಲ. ಸರಾಸರಿ 52ಕ್ಕಿಂತ ಸ್ವಲ್ಪ ಹೆಚ್ಚು. ಒಂದು ಸಲ ಔಟಾಗುವುದರೊಳಗೆ 52 ರನ್! ಎದುರಾಳಿಗಳು ಬೆವರು ಸುರಿಸಿದ್ದು ಸುಮ್ಮನೆ ಅಲ್ಲ.

ಈಗ ಒಬ್ಬ ಹೆಂಗಸಿನ ಲೆಕ್ಕ ನೋಡೋಣ. ಶಾಂತಾ ರಂಗಸ್ವಾಮಿ ಕೂಡ ಬೆಂಗಳೂರಿನವರು. ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ. ಅವರ ಟೆಸ್ಟ್ ರನ್ 750. ಸರಾಸರಿ 32ಕ್ಕಿಂತ ಸ್ವಲ್ಪ ಹೆಚ್ಚು.

"ಅಷ್ಟೇನಾ?" ಅನ್ನಬೇಡಿ. ಇನ್ನೊಂದು ಭಾಗಾಕಾರ ಮಾಡಿ. ದ್ರಾವಿಡ್ 1996ರಿಂದ 2012ರವರೆಗೆ 164 ಟೆಸ್ಟ್ ಆಡಿದರು. ವರ್ಷಕ್ಕೆ ಸುಮಾರು 10. ಶಾಂತಾ 1976ರಿಂದ 1991ರವರೆಗೆ ಆಡಿದ್ದು 16. ವರ್ಷಕ್ಕೆ ಹೆಚ್ಚುಕಮ್ಮಿ ಒಂದೇ ಒಂದು! ಆಗ ಹೆಂಗಸರಿಗೆ ಹೆಚ್ಚು ಪಂದ್ಯಗಳನ್ನೇ ಏರ್ಪಡಿಸುತ್ತಿರಲಿಲ್ಲ. ಅವರ ರನ್ ಕಮ್ಮಿ ಅನ್ನುವುದು, ಮೇವು ಹಾಕದೆ ಹಸು ಹಾಲು ಕೊಡಲಿಲ್ಲ ಅಂತ ಬೈದ ಹಾಗೆ. ಸಿಕ್ಕಿದ್ದರಲ್ಲೇ ಅವರು 1976ರಲ್ಲಿ ಪಾಟ್ನಾದಲ್ಲಿ ವೆಸ್ಟ್ ಇಂಡೀಸ್ ತಂಡವನ್ನು ಸೋಲಿಸಿದರು. ಅದು ನಮ್ಮ ಹೆಣ್ಣುಮಕ್ಕಳ ಮೊದಲ ಟೆಸ್ಟ್ ಗೆಲುವು. 1977ರಲ್ಲಿ ನ್ಯೂಜಿಲೆಂಡಿನ ಮೇಲೆ 108 ರನ್ ಹೊಡೆದರು. ಟೆಸ್ಟ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ನೂರು ದಾಟಿದ್ದು ಅದೇ ಮೊದಲು.

ಸರಾಸರಿ ಒಂದನ್ನೇ ನೋಡಿದರೆ ಇದು ಕಾಣುವುದಿಲ್ಲ. ಎಷ್ಟು ಅವಕಾಶ ಸಿಕ್ಕಿತು ಅಂತಲೂ ಕೇಳಬೇಕು.

ಬೌಲಿಂಗ್ ಲೆಕ್ಕ ಉಲ್ಟಾ. ಎದುರಾಳಿಗೆ ಕೊಟ್ಟ ರನ್ನನ್ನು, ಪಡೆದ ವಿಕೆಟ್‌ನಿಂದ ಭಾಗಿಸಬೇಕು. ಬಂದ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. ಖರ್ಚಿನ ಹಾಗೆ ಅನ್ನಿ.

2017ರ ವಿಶ್ವಕಪ್‌ನಲ್ಲಿ ಭಾರತ, ನ್ಯೂಜಿಲೆಂಡ್ ಹೆಣ್ಣುಮಕ್ಕಳ ಪಂದ್ಯ ಇಂಗ್ಲೆಂಡಿನಲ್ಲಿ ನಡೆಯಿತು. ಗೆದ್ದವರಿಗೆ ಸೆಮಿಫೈನಲ್. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ರನ್ ಹೊಡೆದರು. ಅಂದರೆ ಒಂದು ಎಸೆತಕ್ಕೆ ಒಂದೂವರೆ ರನ್ನಿಗಿಂತ ಹೆಚ್ಚು. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಚೆಂಡು ಹಿಡಿದರು. 15 ರನ್ ಕೊಟ್ಟು 5 ವಿಕೆಟ್ ಕಿತ್ತರು. 15ನ್ನು 5ರಿಂದ ನೀವೇ ಭಾಗಿಸಿ ನೋಡಿ. ನ್ಯೂಜಿಲೆಂಡಿನ ಇಡೀ ತಂಡ 79ಕ್ಕೆ ಔಟಾಯಿತು.

ಅನಿಲ್ ಕುಂಬ್ಳೆ ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದರು. ಅವರ ಸರಾಸರಿ ಸುಮಾರು 30. ಹಾಗಂತ ರಾಜೇಶ್ವರಿಯೇ ಕುಂಬ್ಳೆಗಿಂತ ಮೇಲು ಅನ್ನಲಾಗದು. ಒಂದು ದಿನದ ಹಾಲನ್ನೂ ಹದಿನೆಂಟು ವರ್ಷದ ಹಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆಯೇ?

ಪೇಪರಿನ ಆಟದ ಪುಟದಲ್ಲಿ ಈ ಲೆಕ್ಕವೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹೆಸರು, ಪಕ್ಕದಲ್ಲಿ ರನ್, ಕಂಸದೊಳಗೆ ಎಸೆತ. ಹೆಸರು ಓದಲು ಕಷ್ಟವಾದರೆ ಮೊದಲು ಅಂಕಿ ಓದಿ.